ಹಳದಿ ಚೂರು ಕಟ್ಟಿದ ತಂತಿ

ಆ ದಿನ ಬೆಳಿಗ್ಗೆ ಅವನು ನೆಲದ ಮೇಲೆ ಕಾಲು ಚಾಚಿ ಕೂತು ನೀಲಿ ತಂತಿಯ ಸಿಪ್ಪೆ ಸುಲಿಯುತ್ತಿದ್ದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಳು. ಕೋಣೆ ಒಂದೇ. ಅರ್ಧ ಅವನದು, ಅರ್ಧ ಅವಳದು. ಅವನ ಕಡೆ ತಂತಿಯ ಚೂರು, ಇವಳ ಕಡೆ ಬಟ್ಟೆಯ ಚೂರು. ಗುಡಿಸುವಾಗ ಎರಡೂ ಸೇರಿ ಒಂದೇ ಗುಡ್ಡೆ.

“ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ,” ಎಂದು ಅವನು ಗೊಣಗಿದ.

“ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು,” ಎಂದು ಅವಳು ತಲೆ ಎತ್ತದೆ ಮುಗಿಸಿದಳು.

ಒಂದು ತಂತಿಯೊಳಗೆ ಎಂಟು ಎಳೆ. ಆ ಸಾಲಿನಲ್ಲೇ ಅವನ್ನು ಜೋಡಿಸಿ, ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ತುದಿಯೊಳಗೆ ತೂರಿಸಿ, ಇಕ್ಕಳದಲ್ಲಿ ಒತ್ತಬೇಕು. ಆಗ ಕಂಪ್ಯೂಟರಿಗೆ ಇಂಟರ್ನೆಟ್ ಹರಿಯುತ್ತದೆ. ಸಾಲು ತಪ್ಪಿದರೆ ಹರಿಯುವುದಿಲ್ಲ. ಅವನು ಅರ್ಧ ಹೇಳುವುದು, ಅವಳು ಅರ್ಧ ಹೇಳುವುದು ಮದುವೆಯಾದ ಹೊಸದರಿಂದ ಬಂದ ರೂಢಿ. ಬೇರೆಯವರ ಮನೆಯಲ್ಲಿ ಗಂಡ ಹೆಂಡತಿ ಏನು ಪಿಸುಗುಟ್ಟುತ್ತಿದ್ದರೋ ಅವಳಿಗೆ ಗೊತ್ತಿಲ್ಲ. ಈ ಮನೆಯಲ್ಲಿ ಇದೇ.

ತಂತಿ ಸಿದ್ಧವಾಯಿತು. ಅವನು ಪರೀಕ್ಷೆಯ ಡಬ್ಬಿಗೆ ಸಿಕ್ಕಿಸಿದ. ಎಂಟು ಪುಟ್ಟ ದೀಪಗಳು ಒಂದರ ಹಿಂದೊಂದು ಹತ್ತಿಕೊಂಡು ಓಡಿದವು. ಆಮೇಲೆ ಅವಳ ಕಡೆ ಕೈ ಚಾಚಿದ.

“ಬಟ್ಟೆ.”

ಅವಳು ಬೆರಳಗಲದ ಒಂದು ಚೂರು ಕತ್ತರಿಸಿ ಎಸೆದಳು.

“ಇದು ಗೆರೆ. ಮೂರನೇ ಮಹಡಿ ಹುಡುಗಿದು ಚೌಕಳಿ,” ಎಂದ ಅವನು.

“ಓಹೋ, ಅವಳ ಅಂಗಿ ಚೌಕಳಿ ಅಂತ ಚೆನ್ನಾಗಿ ನೆನಪಿದೆ. ಹೋದ ವಾರ ನಾನು ಯಾವ ಬಣ್ಣದ ಬಟ್ಟೆ ಹಾಕಿದ್ದೆ, ಹೇಳಿ ನೋಡೋಣ.”

“ಅದನ್ನ ತಂತಿಗೆ ಕಟ್ಟೋ ಹಾಗಿದ್ರೆ ಹೇಳ್ತಿದ್ದೆ,” ಎಂದ.

ಬೇರೆ ತಂತಿಯವರು ನಂಬರ್ ಬರೆದ ಕಾಗದ ಅಂಟಿಸುತ್ತಾರೆ. ಎದುರು ಕಟ್ಟಡದ ಮೆಟ್ಟಿಲ ಕೆಳಗಿರುವ ಕಬ್ಬಿಣದ ಪೆಟ್ಟಿಗೆಯೊಳಗೆ ಯಾವಾಗಲೂ ಬಿಸಿ. ಕಾಗದ ಉದುರುತ್ತದೆ, ಶಾಯಿ ಮಾಸುತ್ತದೆ. ಇವನು ಬಟ್ಟೆ ಕಟ್ಟುತ್ತಿದ್ದ. ಅದೂ ಯಾವುದೋ ಬಟ್ಟೆಯಲ್ಲ. ಆ ಕಟ್ಟಡದವರೆಲ್ಲ ಪ್ಯಾಂಟು ಗಿಡ್ಡ ಮಾಡಿಸಲು, ತೋಳು ಬಿಗಿ ಮಾಡಿಸಲು ಅವಳ ಹತ್ತಿರವೇ ಬರುತ್ತಿದ್ದರು. ಅಂಚು ಕತ್ತರಿಸಿದಾಗ ಉಳಿದ ಚೂರು ಆ ಮನೆಯ ತಂತಿಗೆ. ಹಲ್ಲಿನ ಡಾಕ್ಟರ ಮನೆಯ ತಂತಿಗೆ ಅವರ ಬಿಳಿ ಕೋಟಿನ ಚೂರು. ಕಟ್ಟಡದ ಸೆಕ್ರೆಟರಿಯ ತಂತಿಗೆ ಅವರ ಕಂದು ಪ್ಯಾಂಟಿನ ಚೂರು. ಪೆಟ್ಟಿಗೆ ತೆರೆದರೆ ಇಡೀ ಕಟ್ಟಡ ಬಟ್ಟೆ ಒಣಹಾಕಿದಂತೆ ಕಾಣುತ್ತದೆ ಎಂದು ಅವನು ನಗುತ್ತಿದ್ದ. ಅವಳು ಒಮ್ಮೆಯೂ ಒಳಗೆ ನೋಡಿರಲಿಲ್ಲ. ಅವನ ಕೆಲಸದ ಜಾಗಕ್ಕೆ ಇವಳು ಹೋಗುತ್ತಿರಲಿಲ್ಲ, ಇವಳ ಯಂತ್ರವನ್ನು ಅವನು ಮುಟ್ಟುತ್ತಿರಲಿಲ್ಲ.

ಅವನು ಹೊರಡಲು ಎದ್ದಾಗ ಅವಳು ಕಿಟಕಿಯಾಚೆ ನೋಡಿದಳು. ನೋಡಬಾರದಿತ್ತು. ಆದರೆ ಹೊಲಿಗೆ ಯಂತ್ರ ಕಿಟಕಿಗೇ ಮುಖ ಮಾಡಿತ್ತು. ಎದುರು ಕಟ್ಟಡದ ನೆಲಮಹಡಿಯಲ್ಲಿ ಅವಳ ಮೈದುನನ ಅಂಗಡಿ. ಹಗಲಲ್ಲೂ ಉರಿಯುವ ಬೋರ್ಡು. ಹಿಂದೆ ಹಳದಿ ಹೂವಿನ ಪರದೆ. ಮುಂದೆ ಜನ.

“ನೋಡಿ, ನಿಮ್ಮ ತಮ್ಮನ ಅಂಗಡಿ. ಬಾಗಿಲು ತೆಗೆಯೋಕಿಲ್ಲ, ಆಗ್ಲೇ ಮುತ್ತಿಕೊಂಡಿದ್ದಾರೆ.”

“ಮುತ್ತಲಿ ಬಿಡು.”

“ಕೆಲಸ ಕಲಿಸಿದ್ದು ನೀವು. ಇಕ್ಕಳ ಹಿಡಿಯೋಕೆ ಬರ್ತಿರ್ಲಿಲ್ಲ ಅವನಿಗೆ. ಈಗ ತಂತಿನೇ ಬೇಡ, ಎಲ್ಲ ಗಾಳಿಲೇ ಬರುತ್ತೆ ಅಂತ ಮಾರ್ತಾನೆ. ನಿಮಗೆ ಹೊಟ್ಟೆ ಉರಿಯಲ್ವಾ?”

“ನನ್ನ ಪಾಲಿಂದೂ ಸೇರಿಸಿ ನೀನೇ ಉರ್ಕೋತೀಯಲ್ಲ. ನಂಗ್ಯಾಕೆ ಆ ಕೆಲಸ?” ಎಂದು ಮುಖ ತಗ್ಗಿಸಿ ನಕ್ಕ. “ನನ್ನ ಕನ್ನಡಕ ಎಲ್ಲಿಟ್ಟೆ?”

“ಕುತ್ತಿಗೇಲಿ.”

ಕನ್ನಡಕವೂ ಪೆಟ್ಟಿಗೆಯ ಕೀಲಿಯೂ ಒಂದೇ ದಾರದಲ್ಲಿ ಕುತ್ತಿಗೆಗೆ ನೇತಾಡುತ್ತಿದ್ದವು. ತಡವಿ ನೋಡಿಕೊಂಡು, ತಂತಿಯ ಸುರುಳಿ ಹೆಗಲಿಗೆ ಏರಿಸಿ ಹೋದ. ಸಂಜೆ ಬಂದ, ಉಂಡ, ಕಾಲು ನೋವು ಎಂದ, ಮಲಗಿದ. ಅಷ್ಟೇ. ಆ ದಿನದಲ್ಲಿ ಇನ್ನೇನೂ ಇರಲಿಲ್ಲ.

ಮಾರನೇ ದಿನ ಅದೇ ಕಟ್ಟಡದ ಮೆಟ್ಟಿಲ ಮೇಲೆ, ಹೆಗಲಲ್ಲಿ ಸುರುಳಿ ಇದ್ದ ಹಾಗೇ, ಕೂತ. ಮತ್ತೆ ಏಳಲಿಲ್ಲ. ಸೆಕ್ರೆಟರಿ ಅವನನ್ನು ದಾಟಿಕೊಂಡೇ ಕೆಳಗೆ ಹೋದರಂತೆ. ದಣಿವಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡರಂತೆ.

*

ಬೀದಿಯವರು ಅವನನ್ನು ತಂತಿಯಣ್ಣ ಎನ್ನುತ್ತಿದ್ದರು. ಮೊದಲು ಟೆಲಿಫೋನಿನ ತಂತಿ ಎಳೆದ. ಆಗ ಕಂಪ್ಯೂಟರು ಫೋನಿನ ತಂತಿಯಲ್ಲೇ ಕಿರುಚಿಕೊಂಡು ಮಾತಾಡುತ್ತಿತ್ತು. ಒಂದು ಫೋಟೊ ಮೇಲಿಂದ ಕೆಳಗೆ ಇಳಿಯುವುದರೊಳಗೆ ಟೀ ಕುಡಿದು ಲೋಟ ತೊಳೆದಿಡಬಹುದಿತ್ತು. ಆಮೇಲೆ ನೀಲಿ ತಂತಿ ಬಂತು. ಆಮೇಲೆ ಬೀದಿಯಲ್ಲಿ ಗಾಜಿನ ತಂತಿ ಹೂತರು. ಅದನ್ನು ಮೊದಲು ಕಂಡ ದಿನ ಅವನು ಮಗುವಿನ ಹಾಗೆ ಮನೆಗೆ ಓಡಿ ಬಂದಿದ್ದ. “ಕೂದಲೆಳೆಯಷ್ಟು ಗಾಜು ಕಣೇ! ಅದರೊಳಗೆ ಬೆಳಕು ಓಡುತ್ತೆ. ಊರಿಗೆ ಊರೇ ಅದರಲ್ಲಿ ಮಾತಾಡಿದ್ರೂ ತುಂಬಲ್ಲ.” ಬೀದಿಯಿಂದ ಪೆಟ್ಟಿಗೆಯವರೆಗೆ ಗಾಜು, ಪೆಟ್ಟಿಗೆಯಿಂದ ಮನೆಮನೆಗೆ ಇವನ ನೀಲಿ ತಂತಿ. ಗೋಡೆಯೊಳಗೆ ಇಲಿ ಹೋಗದ ಸಂದಿಯಲ್ಲೂ ಇವನ ತಂತಿ ಹೋಗುತ್ತಿತ್ತು.

ಅವರಿಗೆ ಮಕ್ಕಳಿರಲಿಲ್ಲ. ತಮ್ಮನೇ ಮಗನ ಹಾಗೆ ಬೆಳೆದ. ಅಣ್ಣನ ಜೊತೆ ಏಣಿ ಹಿಡಿದ, ಕೆಲಸ ಕಲಿತ. ಮದುವೆಯಾಯಿತು. ಒಂದು ದಿನ ಬೇರೆ ಅಂಗಡಿ ಹಾಕುತ್ತೇನೆ ಎಂದ. ಕೊಂಬಿನ ಹಾಗೆ ನಾಲ್ಕು ಕಡ್ಡಿ ನಿಂತ ಕಪ್ಪು ಡಬ್ಬಿಗಳನ್ನು ತಂದು ಗಾಜಿನ ಹಿಂದೆ ಸಾಲಾಗಿ ಇಟ್ಟ. ತಂತಿ ಬೇಡ, ರಂಧ್ರ ಬೇಡ, ಕೂತಲ್ಲೇ, ನಿಂತಲ್ಲೇ, ಮಲಗಿದಲ್ಲೇ ಇಂಟರ್ನೆಟ್. ಜನ ಮುಗಿಬಿದ್ದರು. ಪ್ರತಿ ಸಲ ಹೊಸ ಡಬ್ಬಿ ಹಳೆಯದಕ್ಕಿಂತ ಜೋರು ಎನ್ನುತ್ತಿದ್ದ. ಬೀದಿಯವರು ಅವನಿಗೆ ಗಾಳಿಯಣ್ಣ ಎಂದು ಹೆಸರಿಟ್ಟರು. ಒಬ್ಬ ತಂತಿ, ಒಬ್ಬ ಗಾಳಿ. ಜನಕ್ಕೆ ನಗು. ಅವಳಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗೆ.

ಮೈದುನನ ಹೆಂಡತಿ, ಅಂದರೆ ಅವಳ ಓರಗಿತ್ತಿ, ಅಂಗಡಿಯಲ್ಲಿ ಚಕ್ರದ ಕುರ್ಚಿಯ ಮೇಲೆ ಕೂರುತ್ತಿದ್ದಳು. ಬೇಕಾದಾಗ ಗಿರಕ್ಕನೆ ತಿರುಗುತ್ತಿದ್ದಳು. ಇವಳಿಗೆ ಇದ್ದದ್ದು ಕಾಲು ಅಲ್ಲಾಡುವ ಸ್ಟೂಲು. ಆ ಕುರ್ಚಿಯ ಮೇಲೆ ಇವಳಿಗೆ ಎಷ್ಟು ಕಣ್ಣಿತ್ತೆಂದರೆ, ಅದು ಕೀಚ್ ಎಂದರೆ ಇಲ್ಲಿ ಇವಳಿಗೆ ಖುಷಿಯಾಗುತ್ತಿತ್ತು. ಅಂಗಡಿಯ ಆ ಹಳದಿ ಪರದೆಯನ್ನು ಓರಗಿತ್ತಿ ಬೇರೆ ಕಡೆ ಹೊಲಿಸಿದ್ದಳು. ಎದುರಿಗೇ ಹೊಲಿಯುವವಳಿದ್ದರೂ. ಅದನ್ನೂ ಇವಳು ಮರೆತಿರಲಿಲ್ಲ.

ಗಂಡ ಹೋದ ಮೇಲೆ ಆ ಉರಿ ಆರಬೇಕಿತ್ತು. ಆರಲಿಲ್ಲ. ಜಾಗ ಬದಲಾಯಿಸಿತು.

ಒಂದು ದಿನ ಓರಗಿತ್ತಿ ಸಮಾಧಾನ ಹೇಳಲು ಬಂದು ಕೂತಿದ್ದಳು. ಮಾತಿಗೆ ಮಾತು ಬಂತು. “ಇವರದೇನು ಕಮ್ಮಿ ಕಾಟನಾ ಅಕ್ಕಾ? ಒದ್ದೆ ಟವೆಲ್ಲು ಹಾಸಿಗೆ ಮೇಲೆ ಎಸೀತಾರೆ. ಎಷ್ಟು ಸಲ ಹೇಳಿದ್ರೂ ಅಷ್ಟೇ. ಸಾಕಾಗಿಹೋಗಿದೆ.”

ಓರಗಿತ್ತಿ ಹೋದ ಮೇಲೆ ಅವಳು ತನ್ನ ಹಾಸಿಗೆಯನ್ನು ಮುಟ್ಟಿ ನೋಡಿದಳು. ಒಣಗಿತ್ತು. ಕುರ್ಚಿಯ ಮೇಲಿನ ಆಸೆ ಆವತ್ತೇ ಬಿಟ್ಟುಹೋಯಿತು. ಈಗ ಅವಳಿಗೆ ಬೇಕಾದದ್ದು ಆ ಒದ್ದೆ ಟವೆಲ್ಲು. ಎದುರಿನ ಅಂಗಡಿಯಲ್ಲಿ ಮೈದುನ ಕೆಮ್ಮಿದರೆ ಅವಳಿಗೆ ಕೇಳುತ್ತಿತ್ತು. ಅವನ ಕೆಮ್ಮು ಅಣ್ಣನ ಕೆಮ್ಮಿನ ಹಾಗೇ ಇತ್ತು. ಅದು ಅವಳ ಮನೆಯಲ್ಲಿ ಇರಬೇಕಾದ ಕೆಮ್ಮು. ಅಲ್ಲೇಕೆ ಇದೆ?

*

ಆಗಲೇ ಸುದ್ದಿ ಬಂತು. ಕಟ್ಟಡಕ್ಕೆ ಬಣ್ಣ ಹೊಡೆಸುತ್ತಾರೆ, ಇಡೀ ಕಟ್ಟಡಕ್ಕೆ ಗಾಳಿಯ ಇಂಟರ್ನೆಟ್ ಹಾಕಿಸುತ್ತಾರೆ, ಕೆಲಸ ಮೈದುನನಿಗೆ ಕೊಟ್ಟಿದ್ದಾರೆ. ಸೆಕ್ರೆಟರಿ ಬೀದಿಯಲ್ಲೇ ಹೇಳಿದರು. “ಆ ತಂತಿ ಗಿಂತಿ ಎಲ್ಲ ಕಿತ್ತು ಹಾಕ್ಸಿಬಿಡ್ತೀವಮ್ಮ. ಗೋಡೆ ನೀಟಾಗಿ ಕಾಣ್ಬೇಕು.”

ಅವಳು ಮನೆಗೆ ಬಂದು ಕೂತಳು. ಅವನ ಅಂಗಿಗಳನ್ನು ಕೊಟ್ಟಾಗಿತ್ತು. ಚಪ್ಪಲಿಯನ್ನು ಯಾರೋ ಕೊಂಡುಹೋಗಿದ್ದರು. ಅವನ ಕೈಯಿಂದ ಆದದ್ದು ಏನಾದರೂ ಈ ಭೂಮಿಯ ಮೇಲೆ ಉಳಿದಿದ್ದರೆ ಆ ಗೋಡೆಗಳೊಳಗಿನ ತಂತಿ. ಅದನ್ನು ಕೀಳುವವನು ಅವನ ತಮ್ಮ.

ಮೈದುನ ಬಂದ. ಹೊಸ್ತಿಲಾಚೆ ನಿಂತ. “ಅತ್ತಿಗೆ, ಪೆಟ್ಟಿಗೆ ಕೀಲಿ ಬೇಕಿತ್ತು.”

“ಇಲ್ಲ.”

“ಅತ್ತಿಗೆ, ಒಂದ್ ಮಾತು ಕೇಳಿ...”

“ನಿನ್ನದು ಗಾಳಿ ತಾನೆ? ಗಾಳಿಗೆ ಕೀಲಿ ಯಾಕಪ್ಪ? ಸಂದಿಲೇ ನುಗ್ಗು,” ಎಂದು ಬಾಗಿಲು ಹಾಕಿದಳು.

ಕೀಲಿ ಕನ್ನಡಕದ ಜೊತೆ ಅದೇ ದಾರದಲ್ಲಿ, ಹೊಲಿಗೆ ಯಂತ್ರದ ನೂಲುಂಡೆ ಸಿಕ್ಕಿಸುವ ಕಡ್ಡಿಗೆ ನೇತಾಡುತ್ತಿತ್ತು. ಹೊಲಿಯುವಾಗ ಟಿಕ್ ಟಿಕ್ ಎಂದು ಕನ್ನಡಕದ ಗಾಜಿಗೆ ಬಡಿಯುತ್ತಿತ್ತು. ಬಣ್ಣದವರು ಮೇಲಿನ ಮಹಡಿಯಿಂದ ಇಳಿಯುತ್ತಾ ಬಂದರು. ಕಿಟಕಿಯಲ್ಲಿ ನೋಡುತ್ತಲೇ ಇದ್ದಳು. ಮೂರನೇ ಮಹಡಿಯ ಹುಡುಗಿ ಒಮ್ಮೆ ತೋಳು ಬಿಗಿ ಮಾಡಿಸಲು ಬಂದು, “ಆಂಟಿ, ನನ್ನ ತಂತಿ ಕೀಳ್ಬೇಡಿ ಅಂತ ಹೇಳಿದ್ದೀನಿ. ಮದುವೆ ವಿಡಿಯೋ ಎಡಿಟ್ ಮಾಡಿ ಕಳಿಸ್ತೀನಲ್ಲ, ಒಂದೊಂದೂ ಬೆಟ್ಟದಷ್ಟು. ನಮ್ಮನೆ ಗೋಡೆ ದಾಟಿ ಗಾಳಿದು ಬರೋದೇ ಇಲ್ಲ, ಅರ್ಧದಲ್ಲೇ ನಿಂತುಹೋಗುತ್ತೆ,” ಎಂದಳು. ಅಷ್ಟು ಕೇಳಿ ಅವಳಿಗೆ ಎದೆ ತಣ್ಣಗಾಯಿತು. ನಿಲ್ಲಲಿ. ಆ ಮೈದುನನದೆಲ್ಲ ನಿಂತುಹೋಗಲಿ.

ಬಣ್ಣದವರು ಮೊದಲ ಮಹಡಿಗೆ ಇಳಿದ ದಿನ ಓರಗಿತ್ತಿ ಬಂದಳು. ಬಾಗಿಲು ಬಡಿಯದೆ ಒಳಗೇ ಬಂದಳು.

“ಅಕ್ಕಾ, ಕೀಲಿ ಕೊಟ್ಟುಬಿಡಿ.”

“ನಿನ್ನ ಗಂಡನ ಕೈಯಲ್ಲಾಗ್ಲಿಲ್ಲ ಅಂತ ನಿನ್ನ ಕಳಿಸಿದ್ನಾ?”

“ಅವರು ಕಳಿಸ್ಲಿಲ್ಲ. ನಾನು ಬಂದಿದ್ದು ಗೊತ್ತಾದ್ರೆ ಬೈತಾರೆ. ಸೆಕ್ರೆಟರಿ ಬೀಗ ಒಡೀರಿ ಅಂತಾರೆ, ಇವರು ಅಣ್ಣನ ಬೀಗ, ಒಡೆಯಲ್ಲ ಅಂತಾರೆ. ಬೇರೆಯವರನ್ನ ಕರೆಸ್ತೀನಿ ಅಂತ ಆ ಮನುಷ್ಯ ಕೂತಿದ್ದಾರೆ. ಅವರು ಬಂದ್ರೆ ಬೀಗಾನೂ ಹೋಗುತ್ತೆ, ತಂತಿನೂ ಹೋಗುತ್ತೆ. ಇವರು ನೆಟ್ಟಗೆ ಊಟ ಮಾಡ್ತಿಲ್ಲ ಅಕ್ಕಾ. ಮನೇಲಿ ಮುಖ ಊದಿಸ್ಕೊಂಡು ಕೂರ್ತಾರೆ.”

“ಕೂರೋಕೆ ಇದ್ದಾನಲ್ಲ. ಅದೇ ದೊಡ್ಡದು.”

ಓರಗಿತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅವಳೂ ಬಿಡಲಿಲ್ಲ.

“ನಂಗೆ ಗಂಡ ಇದ್ದಾನೆ ಅಂತ ನೀವು ನನ್ನ ಮೇಲೆ ಉರೀತೀರಾ. ಅದು ನನ್ನ ತಪ್ಪಾ?”

“ತಪ್ಪಲ್ಲ,” ಎಂದಳು. “ಆದ್ರೂ ಉರಿಯುತ್ತೆ.”

ಎದ್ದಳು. ದಾರ ಕಿತ್ತು ಕುತ್ತಿಗೆಗೆ ಹಾಕಿಕೊಂಡಳು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಗೆ ತೆಗೆದುಕೊಂಡಳು. “ಕೀಳೋದೇ ಆದ್ರೆ ನಾನೇ ಕೀಳ್ತೀನಿ. ಹಾಕಿದೋನ ಹೆಂಡತಿ ನಾನು. ನಡಿ.”

*

ಮೆಟ್ಟಿಲ ಕೆಳಗೆ ಸುಣ್ಣದ ಧೂಳು, ಬಣ್ಣದ ವಾಸನೆ. ಸೆಕ್ರೆಟರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮೈದುನ ಗೋಡೆಗೆ ಒರಗಿದ್ದ. ಅತ್ತಿಗೆಯ ಕೈಯಲ್ಲಿ ಕತ್ತರಿ ಕಂಡು ನೆಟ್ಟಗಾದ.

ಅವಳು ಯಾರನ್ನೂ ನೋಡಲಿಲ್ಲ. ಬೀಗ ತೆಗೆದಳು. ಬಾಗಿಲು ಕಿರ್ರೆಂದಿತು. ಒಳಗಿಂದ ಬಿಸಿ ಗಾಳಿ ಮುಖಕ್ಕೆ ಬಂತು, ಅವನು ಮನೆಗೆ ಬಂದಾಗ ಅಂಗಿಯಿಂದ ಬರುತ್ತಿದ್ದ ಅದೇ ವಾಸನೆ. ಒಂದು ಚಪ್ಪಟೆ ಡಬ್ಬಿ. ಅದರ ಮೈ ತುಂಬಾ ಹಸಿರು ದೀಪಗಳು ಮಿಟುಕುತ್ತಿದ್ದವು. ಅವನು ಹೋದದ್ದು ಅವಕ್ಕೆ ಗೊತ್ತಿರಲಿಲ್ಲ. ಅಲ್ಲಿಂದ ನೀಲಿ ತಂತಿಗಳು ಜಡೆಯ ಹಾಗೆ ಮೇಲಕ್ಕೆ ಹೋಗಿದ್ದವು. ಪ್ರತಿಯೊಂದರ ಕುತ್ತಿಗೆಗೂ ಒಂದು ಬಟ್ಟೆ. ಬಿಳಿ ಕೋಟು. ಕಂದು ಪ್ಯಾಂಟು. ಚೌಕಳಿ. ಎಲ್ಲ ಅವಳೇ ಕತ್ತರಿಸಿದ್ದು. ಒಂದೊಂದನ್ನೂ ಬೆರಳಲ್ಲಿ ಮುಟ್ಟುತ್ತಾ ಹೋದಳು.

ಬೆರಳು ನಿಂತಿತು.

ಕೊನೆಯ ತಂತಿಗೆ ಹಳದಿ ಹೂವಿನ ಚೂರು ಕಟ್ಟಿತ್ತು. ಅದು ಅವಳು ಕತ್ತರಿಸಿದ್ದಲ್ಲ. ಆದರೆ ಆ ಹೂವು ಅವಳಿಗೆ ಚೆನ್ನಾಗಿ ಗೊತ್ತು. ದಿನಾ ಕಿಟಕಿಯಿಂದ ನೋಡಿ ನೋಡಿ ಕಣ್ಣು ಸುಟ್ಟುಕೊಂಡ ಪರದೆ. ಯಾರ ಬಟ್ಟೆಯೋ ಅವರ ತಂತಿ. ತಂತಿ ಮೇಲೆ ಹೋಗಿರಲಿಲ್ಲ. ಗೋಡೆ ಕೊರೆದು ನೇರ ಪಕ್ಕದ ಅಂಗಡಿಗೆ ಹೋಗಿತ್ತು.

“ಇದು ನಿನ್ನ ಅಂಗಡೀದು,” ಎಂದಳು.

“ಹೌದು ಅತ್ತಿಗೆ.”

“ಯಾರು ಹಾಕಿದ್ದು?”

“ಅಣ್ಣ. ಅಂಗಡಿ ತೆಗೆದ ವಾರದಲ್ಲೇ. ನನ್ನ ಡಬ್ಬಿಗಳು ತಾವಾಗೇ ಏನೂ ಕೊಡಲ್ಲ ಅತ್ತಿಗೆ. ಅವುಗಳ ಬೆನ್ನಿಗೆ ತಂತಿ ಬೇಕು. ಅಂಗಡಿ ಗಾಜಿನ ಹಿಂದೆ ಇಟ್ಟಿರೋದೆಲ್ಲ ಇವತ್ತಿಗೂ ಅಣ್ಣನ ತಂತಿ ಮೇಲೇ ಓಡ್ತಿರೋದು.”

ಅವಳು ಓರಗಿತ್ತಿಯ ಕಡೆ ತಿರುಗಿದಳು. “ನಿಂಗೂ ಗೊತ್ತಿತ್ತಾ?”

“ಚೂರು ನಾನೇ ಕೊಟ್ಟಿದ್ದು ಅಕ್ಕಾ. ಭಾವ ಕೇಳಿದ್ರು.”

ಎಲ್ಲರಿಗೂ ಗೊತ್ತಿತ್ತು. ಅವನ ಪರವಾಗಿ ಇಷ್ಟು ವರ್ಷ ಕಿಟಕಿಯಲ್ಲಿ ಕೂತು ಬೆಂದವಳಿಗೆ ಬಿಟ್ಟು. ಅವನು ಈ ಗೋಡೆಯ ಹಿಂದೆ ತಮ್ಮನ ಜೊತೆ ಕೂತು ಟೀ ಕುಡಿದಿರಬೇಕು, ನಕ್ಕಿರಬೇಕು. ಆ ನಗುವಿನಲ್ಲಿ ಅವಳಿಗೆ ಪಾಲಿಲ್ಲ. ಹಂಚಿಕೊಳ್ಳೋಣವೆಂದರೆ ಈಗ ಅವನೇ ಇಲ್ಲ.

ಕತ್ತರಿ ತೆರೆದಳು. ಕಚಕ್. ಹಳದಿ ಚೂರು ಕಟ್ಟಿದ ತಂತಿ ಎರಡಾಯಿತು.

ಒಂದು ಹಸಿರು ದೀಪ ಆರಿತು. ಪಕ್ಕದ ಅಂಗಡಿಯಿಂದ ಯಾರೋ ಗಿರಾಕಿ, “ಏನ್ರೀ ಇದು, ಹೋಯ್ತಲ್ಲ!” ಎಂದು ಕೂಗಿದ.

“ಅಯ್ಯೋ,” ಎಂದರು ಸೆಕ್ರೆಟರಿ. “ಒಂದು ಹೋಯ್ತಲ್ಲ, ಉಳಿದಿದ್ದನ್ನೂ ಹಾಗೇ ಕತ್ತರಿಸಮ್ಮ. ಹೇಗೂ ವೈರ್‌ಲೆಸ್ ತಾನೆ?”

ಮೈದುನ ಅವರಿಗೆ ಅಡ್ಡ ಬಂದ. “ಒಂದೂ ಕತ್ತರಿಸೋ ಹಾಗಿಲ್ಲ ಸಾರ್. ನೂರು ಸಲ ಹೇಳಿದ್ದೀನಿ. ಮಹಡಿಗೊಂದು ಡಬ್ಬಿ ನೇತುಹಾಕ್ತೀನಿ, ಪ್ರತಿ ಡಬ್ಬಿಗೂ ಈ ತಂತಿನೇ ಬೇಕು.”

“ಮತ್ತೆ ವೈರ್ ಇಲ್ಲ ಅಂದ್ಯಲ್ಲೋ?”

“ಕೊನೇ ನಾಲ್ಕು ಹೆಜ್ಜೆಗೆ ಇಲ್ಲ ಸಾರ್. ಅಲ್ಲೀವರೆಗೆ ಇದೆ.”

ಸೆಕ್ರೆಟರಿ ಪೆಟ್ಟಿಗೆಯನ್ನೂ ಡಬ್ಬಿಯನ್ನೂ ನೋಡಿ, ಮೋಸಹೋದವರ ಮುಖ ಮಾಡಿಕೊಂಡು ಬಣ್ಣದವರನ್ನು ಬೈಯಲು ಹೋದರು. ಬಣ್ಣದವರದೇನೂ ತಪ್ಪಿರಲಿಲ್ಲ.

ಮೈದುನ ಅವಳನ್ನು ಬೈಯಲಿಲ್ಲ. ಜೇಬಿನಿಂದ ಇಕ್ಕಳ, ಒಂದು ಹೊಸ ಪ್ಲಾಸ್ಟಿಕ್ ತುದಿ ತೆಗೆದು ನೆಲದ ಮೇಲೆ ಕೂತ. ಕೂರುವಾಗ ಕಾಲು ಚಾಚಿದ ರೀತಿ ನೋಡಿ ಅವಳು ಮುಖ ತಿರುಗಿಸಿದಳು.

“ಅಣ್ಣಂಗೆ ನಾನೇ ಹೇಳ್ತಿದ್ದೆ ಅತ್ತಿಗೆ, ಮನೇಲಿ ಹೇಳ್ಬಿಡು ಅಂತ,” ಎಂದ, ಸಿಪ್ಪೆ ಸುಲಿಯುತ್ತಾ. “ಬೇಡ ಕಣೋ ಅಂತಿದ್ದ. ನನ್ನ ಪರವಾಗಿ ಉರಿಯೋಳು ಅವಳೊಬ್ಬಳೇ, ಅದನ್ನೂ ಆರಿಸ್ಬೇಡ ಅಂತಿದ್ದ.”

ಇದು ನಿಜವೋ, ಸಮಾಧಾನಕ್ಕೆ ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಗಂಡ ಹೇಳುವ ಮಾತಿನ ಹಾಗೇ ಇತ್ತು. ನಿಜವಾದರೆ ಅದನ್ನು ತಮ್ಮನಿಗೆ ಏಕೆ ಹೇಳಿದ? ನನಗೆ ಹೇಳಬಾರದಿತ್ತೇ? ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು.

ಮೈದುನ ಎಳೆಗಳನ್ನು ಬಿಡಿಸಿ ಉಗುರಿನಿಂದ ನೆಟ್ಟಗೆ ಮಾಡಿದ. “ಬಿಳಿ-ಕಿತ್ತಳೆ,” ಎಂದು ಗೊಣಗಿದ. “ಕಿತ್ತಳೆ, ಬಿಳಿ-ಹಸಿರು, ನೀಲಿ...”

ಅದೇ ದನಿ. ಅಣ್ಣ ನಿಲ್ಲಿಸುತ್ತಿದ್ದ ಜಾಗದಲ್ಲೇ ಉಸಿರು ತೆಗೆದುಕೊಂಡ.

“ಬಿಳಿ-ನೀಲಿ, ಹಸಿರು,” ಎಂದಿತು ಅವಳ ಬಾಯಿ. ಅವಳು ಹೇಳಬೇಕೆಂದು ಹೇಳಿದ್ದಲ್ಲ. “ಬಿಳಿ-ಕಂದು. ಕಂದು.”

ಇಕ್ಕಳ ಒತ್ತಿದ ಸದ್ದು ಬಂತು. ಮೈದುನ ಹಳೆಯ ತುಂಡು ಕಿತ್ತು, ಹೊಸ ತುದಿಯನ್ನು ಡಬ್ಬಿಗೆ ಸಿಕ್ಕಿಸಿದ. ಆರಿದ ದೀಪ ಸ್ವಲ್ಪ ಯೋಚನೆ ಮಾಡಿ ಹತ್ತಿಕೊಂಡಿತು. ಓರಗಿತ್ತಿ ಬಗ್ಗಿ, ನೆಲಕ್ಕೆ ಬಿದ್ದಿದ್ದ ಹಳದಿ ಚೂರನ್ನು ಎತ್ತಿಕೊಂಡು, ಕೊಡವಿ, ಏನು ಮಾಡಲಿ ಎನ್ನುವಂತೆ ಇವಳನ್ನು ನೋಡಿದಳು.

ಅವಳು ಕೈ ಚಾಚಿದಳು. “ಕೊಡು. ಅಂಚು ಹೊಲಿದಿಲ್ಲ. ಬಟ್ಟೆ ಯಾರ ಹತ್ತಿರ ಹೊಲಿಸಿದ್ಯೋ ಏನೋ, ಎಳೆ ಎಳೆ ಬಿಚ್ಚಿದೆ.”

ಚೂರನ್ನು ಇದ್ದ ಜಾಗದಲ್ಲೇ ಕಟ್ಟಿದಳು. ಗಂಟು ಬಿಗಿಯಾಗಿತ್ತು. ಬೀಗ ಹಾಕಿದಳು. ಮೈದುನ ಕೈ ನೀಡಲಿಲ್ಲ, ಅವಳೂ ಕೀಲಿ ಕೊಡಲಿಲ್ಲ.

“ಬೇಕಾದಾಗ ಕರಿ. ಬಂದು ತೆಗೀತೀನಿ,” ಎಂದಳು.

*

ಈಗ ಆ ಕಟ್ಟಡದಲ್ಲಿ ಮಹಡಿಗೊಂದು ಬಿಳಿ ಡಬ್ಬಿ ಚಾವಣಿಯಿಂದ ನೇತಾಡುತ್ತದೆ. ಜನ ಅದನ್ನು ಗಾಳಿಯಣ್ಣನ ಕೆಲಸ ಎನ್ನುತ್ತಾರೆ. ಅವಳಿಗೆ ಕೇಳಿಸುತ್ತದೆ, ಉರಿಯುತ್ತದೆ. ಓರಗಿತ್ತಿಯ ಮನೆಯ ಹಗ್ಗದ ಮೇಲೆ ಗಂಡಸಿನ ಬನಿಯನ್ನು ಒಣಗುವುದು ಕಂಡರೆ ಇನ್ನೂ ಉರಿಯುತ್ತದೆ. ಆರಲಿ ಎಂದು ಅವಳೇನೂ ಕಾಯುತ್ತಿಲ್ಲ.

ಬೆಳಿಗ್ಗೆ ಎದ್ದು, ಯಂತ್ರದ ಮುಂದೆ ಕೂರುವ ಮೊದಲು, ಕುತ್ತಿಗೆಗೆ ದಾರ ಹಾಕಿಕೊಂಡು ರಸ್ತೆ ದಾಟುತ್ತಾಳೆ. ಪೆಟ್ಟಿಗೆ ತೆರೆಯುತ್ತಾಳೆ. ಅವನ ಹಳೆಯ ಹೆಗಲ ವಸ್ತ್ರದಿಂದ ಡಬ್ಬಿಯ ಧೂಳು ಒರೆಸುತ್ತಾಳೆ, ಮೂಲೆಯ ಜೇಡನ ಬಲೆ ತೆಗೆಯುತ್ತಾಳೆ, ಎಲ್ಲ ದೀಪಗಳೂ ಮಿಟುಕುತ್ತಿವೆಯೇ ನೋಡುತ್ತಾಳೆ. ಆಮೇಲೆ ಬಿಳಿ ಕೋಟು, ಕಂದು ಪ್ಯಾಂಟು, ಚೌಕಳಿ, ಒಂದೊಂದು ಚೂರನ್ನೂ ಬೆರಳಿನಿಂದ ಕೊಡವುತ್ತಾಳೆ. ಕೊನೆಗೆ ಹಳದಿಯದು. ಅದನ್ನು ಮಾತ್ರ ಬಲವಾಗಿ ಒಂದು ಸಲ ಚಿವುಟಿ, ಬೀಗ ಹಾಕುತ್ತಾಳೆ.